ಒಂದೇ ಪೋಸ್ಟರ್‌ಗೆ ನಾಲ್ಕು ಕಡೆ ಹುಡುಕಾಟ: ಪಿಂಟರೆಸ್ಟ್, ಬಿಹ್ಯಾನ್ಸ್, ಆರೀನಾ ಮತ್ತು ಗ್ರಂಥಾಲಯದ ಸಂಗ್ರಹ

ಗ್ರಾಫಿಕ್ ಡಿಸೈನ್ ಓದುವವರಿಗೆ ಹೊಸ ಬ್ರೀಫ್ (ಏನು ಮಾಡಬೇಕೆಂಬ ವಿವರ) ಸಿಕ್ಕ ಕೂಡಲೇ ಬೆರಳು ತಾನಾಗಿ ಪಿಂಟರೆಸ್ಟ್ ಕಡೆ ಹೋಗುತ್ತದೆ. ಈ ಸಲ ನಾನು ಒಂದೇ ಬ್ರೀಫ್ ಹಿಡಿದು ಬೇರೆ ಬೇರೆ ಕಡೆ ಹುಡುಕಿದೆ. ಪ್ರತಿ ಜಾಗದಿಂದ ಆಯ್ದ ಚಿತ್ರಗಳನ್ನು ಒಟ್ಟಿಗೆ ಜೋಡಿಸಿ ಒಂದೊಂದು ಮೂಡ್‌ಬೋರ್ಡ್ ಮಾಡಿ, ಯಾವುದನ್ನು ನೋಡಿದಾಗ ಪೆನ್ಸಿಲ್ ಓಡಿತು ಎಂದು ಗಮನಿಸಿದೆ. ಬ್ರೀಫ್ ಸರಳ: ರಾತ್ರಿ ಆಕಾಶ ವೀಕ್ಷಣೆ ಕಾರ್ಯಕ್ರಮಕ್ಕೆ ಒಂದು ಪೋಸ್ಟರ್.

ವೇಗದಲ್ಲಿ ಪಿಂಟರೆಸ್ಟ್ ಅನ್ನು ಮೀರಿಸುವವರಿಲ್ಲ. ಹುಡುಕಿದ ತಕ್ಷಣ ಪರದೆ ತುಂಬ ಗಾಢ ನೀಲಿ ಹಿನ್ನೆಲೆ, ಚಿನ್ನದ ಬಣ್ಣದ ತೆಳು ಗೆರೆ, ನಡುವೆ ಒಂದು ವೃತ್ತ, ಕೆಳಗೆ ದೂರ ದೂರ ಇಟ್ಟ ಅಕ್ಷರಗಳು. ಒಂದನ್ನು ಸೇವ್ ಮಾಡಿದರೆ ಅದರ ಅಣ್ಣತಮ್ಮಂದಿರೆಲ್ಲ ಬಂದು ಸಾಲಾಗಿ ನಿಲ್ಲುತ್ತಾರೆ. ಅದು ಇರುವುದೇ ಹಾಗೆ. ಮೆಚ್ಚಿದ್ದನ್ನು ಹೋಲುವುದನ್ನು ತೋರಿಸುವುದೇ ಅದರ ಕೆಲಸ. ಚಿತ್ರದ ಒಂದು ಭಾಗವನ್ನಷ್ಟೇ ಆಯ್ದು ಅದರಂಥದ್ದನ್ನು ಹುಡುಕುವ ಸೌಲಭ್ಯ ನನಗೆ ಬಹಳ ಇಷ್ಟ. ಒಂದು ಬಣ್ಣದ ಜೋಡಣೆಯ ಬೆನ್ನು ಹತ್ತಲು ಇದಕ್ಕಿಂತ ಸುಲಭದ ದಾರಿ ನನಗೆ ಕಂಡಿಲ್ಲ. ಆದರೆ ಆ ಬೋರ್ಡ್ ಮುಂದಿಟ್ಟುಕೊಂಡು ಬಿಡಿಸಿದ ಸ್ಕೆಚ್‌ಗಳೆಲ್ಲ ಬೋರ್ಡಿನ ಸರಾಸರಿಯಂತೆಯೇ ಇದ್ದವು. ಇದಕ್ಕೆ ‘ಡಿಸೈನ್ ಫಿಕ್ಸೇಶನ್’ ಎನ್ನುತ್ತಾರೆ. 1991ರಲ್ಲಿ ಜಾನ್ಸನ್ ಮತ್ತು ಸ್ಮಿತ್ ಪ್ರಕಟಿಸಿದ ಅಧ್ಯಯನದಲ್ಲಿ, ಮೊದಲೇ ಒಂದು ಮಾದರಿ ನೋಡಿದ ವಿನ್ಯಾಸಕಾರರು ಅದರಲ್ಲಿದ್ದ ದೋಷಗಳನ್ನೂ ಸೇರಿಸಿ ತಮ್ಮ ವಿನ್ಯಾಸಕ್ಕೆ ಇಳಿಸಿಕೊಂಡಿದ್ದರು.

2012ರಿಂದ ಅಡೋಬಿ ಕೈಯಲ್ಲಿರುವ, ವಿನ್ಯಾಸಕಾರರು ತಮ್ಮ ಕೆಲಸ ಪ್ರದರ್ಶಿಸುವ ತಾಣವಾದ ಬಿಹ್ಯಾನ್ಸ್‌ನಲ್ಲಿ ಬಿಡಿ ಚಿತ್ರಕ್ಕಿಂತ ಪೂರ್ತಿ ಪ್ರಾಜೆಕ್ಟ್ ಸಿಗುತ್ತದೆ. ಲೋಗೊದಿಂದ ಹಿಡಿದು ಟಿಕೆಟ್, ಬ್ಯಾನರ್, ಬ್ಯಾಡ್ಜ್‌ವರೆಗೆ ಒಂದೇ ಭಾಷೆ ಹೇಗೆ ಹರಿದಿದೆ ಎಂದು ನೋಡಲು ಒಳ್ಳೆಯದು. ಕೆಲವರು ಗ್ರಿಡ್ಡನ್ನೂ (ಲೇಔಟಿನ ಅಡಿಗೆರೆಗಳು), ಬಿಟ್ಟುಹಾಕಿದ ಕರಡುಗಳನ್ನೂ ಹಾಕಿರುತ್ತಾರೆ. ನಾನು ಹುಡುಕುವುದು ಅಂಥವರನ್ನೇ. ಉಳಿದಂತೆ ವಿನ್ಯಾಸವನ್ನು ನಿಜವಾದ ಗೋಡೆ, ವಸ್ತುಗಳ ಮೇಲಿದ್ದಂತೆ ತೋರಿಸುವ ಚೆಂದದ ಮಾಕಪ್‌ಗಳ ಮೆರವಣಿಗೆ. ನೆರಳು, ಮಡಿಕೆ, ಗೋಡೆಯ ಬೆಳಕು ಎಲ್ಲ ಸೇರಿ ಸಾಧಾರಣ ಲೇಔಟ್ ಕೂಡ ಅದ್ಭುತವಾಗಿ ಕಾಣುತ್ತದೆ, ಅದನ್ನು ಕಳಚಿ ನೋಡುವ ಕಣ್ಣು ಬೇಕು. ಒಂದು ಐಡಿಯಾ ಕೈಗೆ ಬಂದ ಮೇಲೆ ಅದನ್ನು ಎಷ್ಟು ದೂರ ಎಳೆಯಬಹುದು ಎಂದು ತಿಳಿಯಲು ನಾನು ಇಲ್ಲಿಗೆ ಬರುತ್ತೇನೆ, ಐಡಿಯಾ ಹುಡುಕಲು ಅಲ್ಲ.

ನನ್ನ ಮತ ಹೋಗಿದ್ದು ಗ್ರಂಥಾಲಯಕ್ಕೆ. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯ 2016ರಲ್ಲಿ ಹಕ್ಕುಸ್ವಾಮ್ಯವಿಲ್ಲದ 1,80,000ಕ್ಕೂ ಹೆಚ್ಚು ಡಿಜಿಟಲ್ ಪ್ರತಿಗಳನ್ನು ಎಲ್ಲರೂ ಬಳಸುವಂತೆ ತೆರೆದಿಟ್ಟಿತು. ಅಲ್ಲಿ ಸಿಕ್ಕಿದ್ದು ಟ್ರೂವೆಲೊ ಎಂಬಾತನ ಖಗೋಳ ಚಿತ್ರಗಳು: 1882ರ ಹದಿನೈದು ಕ್ರೋಮೊಲಿಥೋಗ್ರಾಫ್‌ಗಳು (ಬಹುವರ್ಣದ ಕಲ್ಲಚ್ಚು ಮುದ್ರಣಗಳು). 1868ರ ನವೆಂಬರ್‌ನ ಉಲ್ಕಾಪಾತದ ಚಿತ್ರವನ್ನು ಪೂರ್ತಿ ದೊಡ್ಡದು ಮಾಡಿ ನೋಡಿದೆ. ಎಲ್ಲ ಉಲ್ಕೆಗಳೂ ನೇರ ಗೆರೆಗಳಲ್ಲ. ಕೆಲವು ಬಾಗಿವೆ, ಕೆಲವು ಸುತ್ತಿಕೊಂಡಿವೆ. ಆಕಾಶ ಒಂದೇ ಸಮನಾದ ಕಪ್ಪೂ ಅಲ್ಲ. ಕಲ್ಲಚ್ಚಿನಲ್ಲಿ ಒಂದರ ಮೇಲೊಂದು ಬಣ್ಣ ಕೂರಿಸಿ ಮುದ್ರಿಸಿದ್ದರಿಂದ ಕತ್ತಲೆಗೂ ತರಿತರಿಯಾದ ಮೈ ಬಂದಿದೆ. ನನ್ನ ಪೋಸ್ಟರಿನ ಚಿನ್ನದ ಗೆರೆ, ವೃತ್ತ ಎರಡೂ ಅಲ್ಲೇ ಹೋದವು. ಬಾಗಿದ ಉಲ್ಕೆಗಳ ಹಾದಿಯಲ್ಲೇ ಅಕ್ಷರಗಳನ್ನು ಓಡಿಸಿದರೆ ಹೇಗೆ ಎಂಬ ಸ್ಕೆಚ್ ಆ ಹೊತ್ತಿನಲ್ಲೇ ಬಂತು.

ಮೆಟ್ರೋಪಾಲಿಟನ್ ಮ್ಯೂಸಿಯಂ 2017ರಿಂದ, ಸ್ಮಿತ್ಸೋನಿಯನ್ 2020ರಿಂದ ತಮ್ಮ ಸಂಗ್ರಹದ ಲಕ್ಷಾಂತರ ಚಿತ್ರಗಳನ್ನು ಸಿಸಿ-ಝೀರೊ ಎಂಬ ಪರವಾನಗಿಯಡಿ ಮುಕ್ತವಾಗಿ ಕೊಡುತ್ತಿವೆ. ಅಂದರೆ ರೆಫರೆನ್ಸ್ ಆಗಿ ಮಾತ್ರವಲ್ಲ, ಕೊಲಾಜ್‌ಗೆ ಕತ್ತರಿಸಿ ಅಂಟಿಸಲೂ ಅನುಮತಿ ಕೇಳಬೇಕಿಲ್ಲ. ಯಾರು ಮಾಡಿದ್ದು, ಯಾವ ವರ್ಷ, ಯಾವ ಮುದ್ರಣ ವಿಧಾನ, ಎಷ್ಟು ಅಳತೆ ಎಲ್ಲ ಚಿತ್ರದ ಪಕ್ಕದಲ್ಲೇ ಇರುತ್ತದೆ. ತೊಡಕೆಂದರೆ ಹುಡುಕಾಟ. ಇಲ್ಲಿ ‘ಚೆಂದದ ಪೋಸ್ಟರ್’ ಎಂದು ಕೇಳಿದರೆ ಉಪಯೋಗವಿಲ್ಲ, ಕ್ಯಾಟಲಾಗಿನವರ ಪದಗಳು ಗೊತ್ತಿರಬೇಕು: ಲಿಥೋಗ್ರಾಫ್ (ಕಲ್ಲಚ್ಚು), ಬ್ರಾಡ್‌ಸೈಡ್ (ಒಂದೇ ಹಾಳೆಯ ಪ್ರಕಟಣೆ), ವುಡ್‌ಕಟ್ (ಮರದಚ್ಚು). ಮೊದಮೊದಲು ತಾಳ್ಮೆ ಕೆಡುತ್ತದೆ.

ಆರೀನಾ (Are.na) ಎಂಬ ತಾಣ ಪಿಂಟರೆಸ್ಟ್‌ಗೂ ಈ ಸಂಗ್ರಹಗಳಿಗೂ ನಡುವಿನದು. ಲೈಕ್ ಇಲ್ಲ, ಜಾಹೀರಾತಿಲ್ಲ. ಚಿತ್ರವೋ ಕೊಂಡಿಯೋ ಬರಹವೋ ಒಂದೊಂದು ‘ಬ್ಲಾಕ್’, ಅವು ಸೇರಿದರೆ ‘ಚಾನೆಲ್’. ಒಂದೇ ಬ್ಲಾಕ್ ಅನ್ನು ಬೇರೆಯವರು ತಮ್ಮ ಯಾವ ಚಾನೆಲ್‌ಗಳಲ್ಲಿ ಇಟ್ಟುಕೊಂಡಿದ್ದಾರೆ ಎಂದು ನೋಡಬಹುದು. ಉಲ್ಕೆಯ ಚಿತ್ರವನ್ನು ಒಬ್ಬರು ಗಾಜಿನ ಗೀರುಗಳ ಪಕ್ಕ ಇಟ್ಟಿದ್ದರೆ, ಇನ್ನೊಬ್ಬರು ನೃತ್ಯದ ಚಲನೆ ಬರೆದಿಡುವ ನಕ್ಷೆಗಳ ಜೊತೆ ಇಟ್ಟಿದ್ದರು. ಹೋಲಿಕೆಯನ್ನು ಯಂತ್ರ ಹುಡುಕಿದ್ದಕ್ಕೂ ಮನುಷ್ಯ ಹುಡುಕಿದ್ದಕ್ಕೂ ವ್ಯತ್ಯಾಸ ಕಾಣುವುದು ಇಲ್ಲೇ. ಉಚಿತ ಖಾತೆಯಲ್ಲಿ ಬ್ಲಾಕ್‌ಗಳಿಗೆ ಮಿತಿಯಿದೆ, ವಿದ್ಯಾರ್ಥಿಗಳಿಗೆ ಅದು ಬೇಗ ತಾಗುತ್ತದೆ. ನನಗಂತೂ ಮಿತಿಯೇ ಒಳ್ಳೆಯದಾಯಿತು, ಕಂಡದ್ದನ್ನೆಲ್ಲ ಕೂಡಿಹಾಕುವ ಚಾಳಿ ಕಡಿಮೆಯಾಯಿತು.

ಅಕ್ಷರಗಳ ವಿಷಯಕ್ಕೆ ಬಂದರೆ ಫಾಂಟ್ಸ್ ಇನ್ ಯೂಸ್ ಎಂಬ ತಾಣ ಸಾಕು. ಟೈಪ್‌ಫೇಸ್ ಹೆಸರು ಹಾಕಿದರೆ ಅದು ನಿಜವಾದ ಪುಸ್ತಕ, ಪೋಸ್ಟರ್, ಫಲಕಗಳಲ್ಲಿ ಹೇಗೆ ಕೂತಿದೆ ಎಂದು ತೋರಿಸುತ್ತದೆ. ಫೋನ್ ಕ್ಯಾಮೆರಾವನ್ನು ನಾನು ಈ ಸ್ಪರ್ಧೆಗೆ ಸೇರಿಸಿಲ್ಲ; ಟೆಕ್ಸ್ಚರ್ ಬೇಕಾದಾಗ ಅದಕ್ಕೆ ಎದುರಾಳಿಯೇ ಇಲ್ಲ.

ಈಗ ನನ್ನ ಕ್ರಮ ಉಲ್ಟಾ ಆಗಿದೆ. ಮೊದಲು ಸಂಗ್ರಹಗಳು, ಆಮೇಲೆ ಆರೀನಾ, ಸ್ಕೆಚ್ ಮುಗಿದ ಮೇಲೆ ಪಿಂಟರೆಸ್ಟ್. ಕೊನೆಯದು ಸ್ಫೂರ್ತಿಗಲ್ಲ, ನನ್ನ ಐಡಿಯಾ ಈಗಾಗಲೇ ಎಲ್ಲರ ಗೋಡೆಯ ಮೇಲಿದೆಯೇ ಎಂದು ಪರೀಕ್ಷಿಸಲು. ಕ್ಲೈಂಟ್‌ಗೆ ‘ಈ ತರಹದ ಮೂಡ್’ ಎಂದು ಎರಡು ನಿಮಿಷದಲ್ಲಿ ತೋರಿಸಬೇಕಾದಾಗ ಮಾತ್ರ ಅದು ಮೊದಲ ಸ್ಥಾನಕ್ಕೆ ಬರುತ್ತದೆ. ಆರಿಸಿದ ಚಿತ್ರಗಳನ್ನೆಲ್ಲ ರೆಫರೆನ್ಸ್ ಜೋಡಿಸುವ ತಂತ್ರಾಂಶವಾದ ಪ್ಯೂರ್‌ರೆಫ್‌ನಲ್ಲಿ ಹರಡಿಟ್ಟು, ಫೈಲಿನ ಹೆಸರಲ್ಲೇ ಕಲಾವಿದ, ವರ್ಷ, ಸಿಕ್ಕ ಜಾಗ ಮೂರನ್ನೂ ಬರೆದಿಡುತ್ತೇನೆ. ಕ್ರಿಟ್‌ನಲ್ಲಿ, ಅಂದರೆ ಕೆಲಸವನ್ನು ಎಲ್ಲರೆದುರು ವಿಮರ್ಶಿಸುವ ತರಗತಿಯಲ್ಲಿ, ‘ಇದು ಎಲ್ಲಿಂದ ಬಂತು?’ ಎಂಬ ಪ್ರಶ್ನೆ ಬಂದೇ ಬರುತ್ತದೆ.