ಪೇಟೆಯ ಆಟದಲ್ಲಿ ದರ ಕಟ್ಟುವುದು ಹೇಗೆ: ಕವಡೆ, ದರಪಟ್ಟಿ, ಟವೆಲ್

ಹಂಪಿಯ ಗುಡಿ ಮಂಟಪಗಳ ಚಪ್ಪಡಿಗಳ ಮೇಲೆ ಕೊರೆದ ಆಟದ ಮನೆಗಳು ಇಂದಿಗೂ ಕಾಣುತ್ತವೆ. ಆ ಊರಿನ ಪೇಟೆಯನ್ನೇ ಹಲಗೆಯ ಮೇಲೆ ತರಲು ಹೊರಟರೆ ಮೊದಲು ಕಾಡುವುದು ದರ. ಅಕ್ಕಿ, ಅರಿವೆ, ಮೆಣಸು, ಮುತ್ತು, ಕುದುರೆ ಎಂಬ ಐದು ಸರಕು ಇಟ್ಟುಕೊಂಡು, ಹೊಳೆಯಾಚೆಯ ಆನೆಗೊಂದಿಯಲ್ಲಿ ನಾಲ್ವರು ಕೂತು ಮೂರು ಬಗೆಯಲ್ಲಿ ಆಡಿ ನೋಡಿದೆವು.

ಮೊದಲು ಕವಡೆ. ಪ್ರತಿ ಸುತ್ತಿಗೆ ನಾಲ್ಕು ಕವಡೆ ಎಸೆಯುವುದು: ಎರಡು ಅಂಗಾತ ಬಿದ್ದರೆ ದರ ಇದ್ದಲ್ಲೇ, ಮೂರಕ್ಕೆ ಒಂದು ಮನೆ ಮೇಲೆ, ನಾಲ್ಕಕ್ಕೆ ಎರಡು, ಒಂದೇ ಬಿದ್ದರೆ ಒಂದು ಮನೆ ಕೆಳಗೆ, ಎಲ್ಲಾ ಬೋರಲಾದರೆ ಎರಡು. ಲೆಕ್ಕದ ಪ್ರಕಾರ 16ಕ್ಕೆ 6 ಸಲ ದರ ಕದಲುವುದಿಲ್ಲ. ಆದರೆ ಕವಡೆಯ ಬೆನ್ನು ಹೊಟ್ಟೆ ಸಮ ಇರುವುದಿಲ್ಲವಾದ್ದರಿಂದ ಲೆಕ್ಕ ಒಂದು ಕಡೆ ವಾಲುತ್ತದೆ. ಒಂದೊಂದನ್ನೂ ನೂರು ಸಲ ಎಸೆದು ಎಣಿಸಿಕೊಳ್ಳಬೇಕು. ಇದಕ್ಕಿಂತ ದೊಡ್ಡ ಕೊರತೆ, ಯಾರು ಎಷ್ಟು ಚೀಲ ಮಾರಿದರೂ ದರಕ್ಕೆ ಅದರ ಅರಿವೇ ಇರುವುದಿಲ್ಲ. ಅಂಥದ್ದನ್ನು ಪೇಟೆ ಎನ್ನಲಾಗದು.

ದರಪಟ್ಟಿಯೇ ನಮ್ಮ ಆಯ್ಕೆ. ಪ್ರತಿ ಸರಕಿಗೆ 1ರಿಂದ 8ರವರೆಗೆ ಮನೆ, ಗುರುತಿನ ಕಾಯಿ ಮೊದಲು 4ರಲ್ಲಿ. ಒಂದು ಚೀಲ ಕೊಂಡರೆ ಕಾಯಿ ಒಂದು ಮನೆ ಏರುತ್ತದೆ, ಮಾರಿದರೆ ಇಳಿಯುತ್ತದೆ. ಇಲ್ಲಿ ಒಂದು ಬಿರುಕು ಇದೆ. 4 ಹಣಕ್ಕೆ (ಹಣ ಎಂದರೆ ಇಲ್ಲಿ ಒಂದು ನಾಣ್ಯ) ಕೊಂಡಾಗ ಕಾಯಿ 5ಕ್ಕೆ ಹೋಗುತ್ತದೆ. ಕೂಡಲೇ 5ಕ್ಕೆ ಮಾರಿದರೆ ಕುಳಿತಲ್ಲೇ 1 ಹಣ ಲಾಭ, ಕಾಯಿ ಮತ್ತೆ 4ಕ್ಕೆ. ಹೀಗೆ ಎಷ್ಟು ಸಲ ಬೇಕಾದರೂ ಮಾಡಬಹುದು! ಪರಿಹಾರ ಸರಳ: ಮಾರುವಾಗ ಮೊದಲು ಕಾಯಿ ಇಳಿಸಿ, ಆಮೇಲೆ ಆ ಮನೆಯ ದರ ಕೊಡಿ. ಜೊತೆಗೆ ಪ್ರತಿ ಮಾರಾಟದ ಸರದಿಗೆ 1 ಹಣ ಊರಬಾಗಿಲ ಸುಂಕ. ಆಗ 6ರಲ್ಲಿದ್ದ ಮೆಣಸಿನ ಮೂರು ಚೀಲ ಒಟ್ಟಿಗೆ ಸುರಿದವನಿಗೆ 18 ಸಿಗುವುದಿಲ್ಲ; 5, 4, 3 ಸೇರಿ 12, ಸುಂಕ ಕಳೆದು 11. ಒಂದೊಂದೇ ಚೀಲ ಬಿಡಬೇಕೋ, ಬೇರೆಯವನು ಸುರಿಯುವ ಮೊದಲೇ ಸುರಿಯಬೇಕೋ ಎಂಬ ಚಿಂತೆ ಶುರುವಾಗುತ್ತದೆ. ಆಟದ ಜೀವ ಇರುವುದು ಅಲ್ಲೇ.

ಮೂರನೆಯದು ದನದ ಸಂತೆಯ ರೀತಿ: ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ. ಒಂದು ಬೆರಳೆಂದರೆ 1 ಹಣವೋ 10 ಹಣವೋ ಎಂದು ಮೊದಲೇ ಬಾಯಲ್ಲಿ ಹೇಳದಿದ್ದರೆ ಜಗಳ ಖಚಿತ. ಇಬ್ಬರ ಮುಖ ನೋಡುತ್ತಾ ಉಳಿದವರು ದರ ಊಹಿಸುವುದು ಬಲು ಸೊಗಸು. ಆದರೆ ಅಕ್ಕಿ ಚೀಲಕ್ಕೂ ಇದನ್ನೇ ಮಾಡಿದರೆ ಆಟ ಎಳೆಯುತ್ತದೆ. ಹಾಗಾಗಿ ಕುದುರೆಗೆ ಮಾತ್ರ ಇಟ್ಟುಕೊಂಡೆವು, ಒಂದು ವ್ಯಾಪಾರಕ್ಕೆ ಒಂದು ನಿಮಿಷ. ಕುದುರೆ ಕೊಳ್ಳುವವನ ಕೈಯಲ್ಲಿ ಎಷ್ಟಿದೆ ಎಂದು ಎಲ್ಲರಿಗೂ ಕಂಡರೆ ಸ್ವಾರಸ್ಯವಿಲ್ಲ, ಹಣ ಮುಚ್ಚಿಟ್ಟುಕೊಳ್ಳಲು ಬಿಡಿ.

ಕವಡೆಯನ್ನು ಎಸೆದುಬಿಡಬೇಕಿಲ್ಲ. ಹೊರ್ಮುಜ್ ಕಡೆಯ ಕುದುರೆಗಳು ಹಡಗಿನಲ್ಲಿ ಗೋವೆ, ಭಟ್ಕಳಕ್ಕೆ ಬಂದು ಘಟ್ಟ ಹತ್ತಬೇಕಿತ್ತು. ಹಡಗು ಬಂತೋ ಇಲ್ಲವೋ ಎಂಬುದು ವ್ಯಾಪಾರಿಯ ಕೈಯಲ್ಲಿ ಇರಲಿಲ್ಲ, ಅಲ್ಲಿ ಕವಡೆ ಹೊಂದುತ್ತದೆ. ಮೂರು ಅಥವಾ ನಾಲ್ಕು ಅಂಗಾತ ಬಿದ್ದರೆ ಒಂದು ಕುದುರೆ ಪೇಟೆಗೆ. ಸಮ ಬೀಳುವ ಕವಡೆ ಸಿಗದಿದ್ದರೆ ಹುಣಸೆ ಬೀಜದ ಒಂದು ಬದಿಯನ್ನು ಕಲ್ಲಿಗೆ ತಿಕ್ಕಿ ಬೆಳ್ಳಗೆ ಮಾಡಿಕೊಳ್ಳಿ. ಅವನ್ನೂ ಎಣಿಸಿ ನೋಡಿಯೇ ಬಳಸಿ.

ನಾಣ್ಯದ ಮಾತು. 1443ರಲ್ಲಿ ಇಲ್ಲಿಗೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್ ಹೇಳುವಂತೆ ಎರಡು ಪ್ರತಾಪಕ್ಕೆ ಒಂದು ವರಾಹ, ಹತ್ತು ಹಣಕ್ಕೆ ಒಂದು ಪ್ರತಾಪ. ಮೂರನ್ನೂ ಇಟ್ಟರೆ ಚಿಲ್ಲರೆ ಕೊಡುವುದರಲ್ಲೇ ಹೊತ್ತು ಹೋಗುತ್ತದೆ. ಹಣ 60, ಪ್ರತಾಪ 12 ಇದ್ದರೆ ನಾಲ್ವರಿಗೆ ಸಾಕು. ಆರಂಭಕ್ಕೆ ಒಬ್ಬೊಬ್ಬರಿಗೆ 12 ಹಣ. ಚೀಲಗಳಿಗೆ ಕಡಲೆ, ತೊಗರಿ ಕಾಳು ಬಳಸಿದರೆ ಉರುಳಿ ಹೋಗುತ್ತವೆ. 2 ಮಿಲಿಮೀಟರ್ ದಪ್ಪದ ರಟ್ಟನ್ನು ಚೌಕವಾಗಿ ಕತ್ತರಿಸಿ ಬಣ್ಣ ಹಚ್ಚಿ. ಕುದುರೆ ಮಾತ್ರ ಕಿನ್ನಾಳದ ಮರದ್ದೇ ಇರಲಿ, ಕೈಗೆ ಬಂದಾಗಲೇ ಅದರ ಬೆಲೆ ತಿಳಿಯುತ್ತದೆ.