ಗಾಸ್ಪಾರ್ ದ ಲಾ ನುಯಿ: ಹನ್ನೆರಡು ವರ್ಷ, ಒಂಬತ್ತು ರೆಕಾರ್ಡಿಂಗ್

ಮೊದಲೇ ಹೇಳಿಬಿಡುತ್ತೇನೆ, ನನಗೆ ಪಿಯಾನೋ ನುಡಿಸಲು ಬರುವುದಿಲ್ಲ. ಫ್ರೆಂಚ್ ಸಂಯೋಜಕ ರಾವೆಲ್‌ನ ಪಿಯಾನೋ ಕೃತಿ ‘ಗಾಸ್ಪಾರ್ ದ ಲಾ ನುಯಿ’ಯನ್ನು ಹನ್ನೆರಡು ವರ್ಷದಿಂದ ಕೇಳುತ್ತಿದ್ದೇನೆ, ಅಷ್ಟೇ ನನ್ನ ಅರ್ಹತೆ. ಒಂದು ಸಿಡಿ ಸಾಕು ಅಂದುಕೊಂಡು ಶುರು ಮಾಡಿದ್ದು ಈಗ ಒಂಬತ್ತು ರೆಕಾರ್ಡಿಂಗ್‌ಗೆ ಬಂದು ನಿಂತಿದೆ. ಇಪ್ಪತ್ತೆರಡು ನಿಮಿಷದ ಒಂದೇ ಕೃತಿಗೆ ಒಂಬತ್ತು! ಮನೆಯಲ್ಲಿ ಎಲ್ಲರೂ “ಅದೇ ಅಲ್ವಾ ಇದು, ನಿನ್ನೆ ಹಾಕಿದ್ದು?” ಅನ್ನುತ್ತಾರೆ. ಅದೇ ಅಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. 1908ರಲ್ಲಿ ಬರೆದದ್ದು, ಮೂರು ಭಾಗ, ಮೂರಕ್ಕೂ ಅಲೋಯಿಸಿಯಸ್ ಬೆರ್ತ್ರಾನ್ ಎಂಬ ಫ್ರೆಂಚ್ ಕವಿಯ ಗದ್ಯಕವಿತೆಗಳು ಮೂಲ. ‘ಒಂದೀನ್’ ಕಿಟಕಿಯಾಚೆ ಹಾಡಿ ಕರೆಯುವ ಜಲಕನ್ಯೆ. ‘ಲ ಜಿಬೆ’ ಅಂದರೆ ನೇಣುಗಂಬ: ಸಂಜೆಯ ಕೆಂಪಿನಲ್ಲಿ ನೇತಾಡುವ ಹೆಣ, ದೂರದ ಊರಿನ ಗಂಟೆ. ‘ಸ್ಕಾರ್ಬೋ’ ರಾತ್ರಿ ಕೋಣೆಯೊಳಗೆ ಗಿರಗಿರ ತಿರುಗುವ ಕುಳ್ಳ ಪಿಶಾಚಿ. ಪಿಯಾನೋದಲ್ಲಿ ಕಷ್ಟ ಅಂದರೆ ರಷ್ಯನ್ ಸಂಯೋಜಕ ಬಲಾಕಿರೆವ್‌ನ ‘ಇಸ್ಲಾಮೆ’ ಅನ್ನುತ್ತಿದ್ದ ಕಾಲ ಅದು. ಅದಕ್ಕಿಂತ ಕಷ್ಟದ್ದನ್ನು ಬರೆಯಬೇಕು ಅನ್ನುವುದು ರಾವೆಲ್‌ನ ಹಟ.

ನಾನು ಮೊದಲು ಕೊಂಡದ್ದು ಪಿಯಾನೋ ವಾದಕಿ ಮಾರ್ತಾ ಆರ್ಗೆರಿಚ್ 1974ರಲ್ಲಿ ಡಾಯ್ಚ ಗ್ರಾಮೊಫೋನ್ ಕಂಪನಿಗೆ ನುಡಿಸಿದ್ದು. ಸ್ಕಾರ್ಬೋದಲ್ಲಿ ಒಂದೇ ಸ್ವರವನ್ನು ಪಟಪಟ ಹೊಡೆಯುವ ಜಾಗಗಳಿವೆ. ಬೇರೆಯವರಲ್ಲಿ ಅದು ಬೆರಳಿನ ಕಸರತ್ತಿನ ಹಾಗೆ ಕೇಳಿಸುತ್ತದೆ, ಈಕೆಯಲ್ಲಿ ಮೈ ನಡುಗಿದ ಹಾಗೆ. ಪಿಶಾಚಿ ಮುಂದಿನ ಸಲ ಯಾವ ಮೂಲೆಯಿಂದ ಹಾರುತ್ತದೆ ಅಂತ ನುಡಿಸುವವರಿಗೂ ಗೊತ್ತಿಲ್ಲವೇನೋ ಅನ್ನಿಸುತ್ತದೆ, ಗೊತ್ತಿಲ್ಲದೆ ಇಷ್ಟು ಕರಾರುವಾಕ್ಕಾಗಿ ನುಡಿಸಲು ಹೇಗೆ ಸಾಧ್ಯ ಅಂತಲೂ ಅನ್ನಿಸುತ್ತದೆ. ನಾಲ್ಕೈದು ವರ್ಷ ಬೇರೆ ಯಾವುದನ್ನೂ ಹುಡುಕಲಿಲ್ಲ.

ದಯವಿಟ್ಟು ಇದನ್ನು ಫೋನ್ ಸ್ಪೀಕರ್‌ನಲ್ಲಿ ಕೇಳಬೇಡಿ. ಸ್ಕಾರ್ಬೋ ಶುರುವಾಗುವುದೇ ಪಿಯಾನೋದ ತಳದ ಮೂರು ಸ್ವರದಿಂದ, ಅದೂ ಕಿವಿಯಲ್ಲಿ ಗುಟ್ಟು ಹೇಳಿದ ಹಾಗೆ. ಫೋನಿನಲ್ಲಿ ಅವು ಇದ್ದೂ ಇಲ್ಲ. ಬಸ್ಸಿನಲ್ಲಿ ಇಯರ್‌ಫೋನ್ ಹಾಕಿಕೊಂಡರೂ ಕಷ್ಟವೇ. ಒಮ್ಮೆ ಏನೂ ಕೇಳಿಸುತ್ತಿಲ್ಲ ಅಂತ ವಾಲ್ಯೂಮ್ ಏರಿಸುತ್ತಾ ಹೋದೆ, ಸ್ವಲ್ಪ ಹೊತ್ತಿಗೆ ಅದು ಸಿಡಿದಾಗ ನಾನು ಬೆಚ್ಚಿದ್ದು ನೋಡಿ ಪಕ್ಕದ ಸೀಟಿನವರು “ಏನ್ ಸಾರ್, ಆರಾಮಾ?” ಅಂದರು.

ಆಮೇಲೆ ಸಿಕ್ಕಿದ್ದು ಈವೋ ಪೊಗೊರೆಲಿಚ್, 1982ರದ್ದು. 1980ರಲ್ಲಿ ವಾರ್ಸಾದ ಶೋಪನ್ ಪಿಯಾನೋ ಸ್ಪರ್ಧೆಯಲ್ಲಿ ಈತನನ್ನು ಫೈನಲ್‌ಗೆ ಬಿಡಲಿಲ್ಲ, ಅದಕ್ಕೆ ಸಿಟ್ಟಾಗಿ ತೀರ್ಪುಗಾರರ ತಂಡದಿಂದ ಎದ್ದು ಹೋದದ್ದು ಇದೇ ಆರ್ಗೆರಿಚ್. ಆದರೆ ಇಬ್ಬರ ದಾರಿ ಪೂರ್ತಿ ಬೇರೆ. ಒಂದೀನ್‌ನ ಶುರುವಿನಲ್ಲಿ ಬಲಗೈ ನೀರಿನ ಹಾಗೆ ಮಿನುಗುತ್ತಲೇ ಇರಬೇಕು, ತೀರಾ ಮೆಲ್ಲಗೆ. ಪೊಗೊರೆಲಿಚ್‌ನಲ್ಲಿ ಅದರ ಹನಿಹನಿಯೂ ಕೇಳಿಸುತ್ತದೆ, ಆದರೂ ನೀರು ಹರಿಯುತ್ತದೆ. ಕೊನೆಯ ಹತ್ತಿರ ಆ ಮಿನುಗೆಲ್ಲ ನಿಂತು ಒಂಟಿ ಎಳೆಯ ರಾಗವೊಂದೇ ಉಳಿಯುತ್ತದೆ. ನಾನು ಪ್ರೀತಿಸುವುದು ಮನುಷ್ಯರ ಹುಡುಗಿಯನ್ನು ಅಂತ ಕವಿತೆಯಲ್ಲಿ ಅವಳು ಕರೆಯುತ್ತಿದ್ದವನು ಹೇಳಿಬಿಟ್ಟಿದ್ದಾನೆ, ಜಲಕನ್ಯೆ ಮುನಿಸಿಕೊಂಡಿದ್ದಾಳೆ, ಮರುಕ್ಷಣ ಜೋರಾಗಿ ನಕ್ಕು ಗಾಜಿನ ಮೇಲೆ ನೀರಾಗಿ ಇಳಿದುಹೋಗುತ್ತಾಳೆ. ಈ ಮುನಿಸನ್ನು ಪೊಗೊರೆಲಿಚ್ ಎಳೆದೂ ಎಳೆದೂ ನುಡಿಸುತ್ತಾನೆ. ಮೊದಮೊದಲು ರೋಮಾಂಚನ ಆಗುತ್ತಿತ್ತು. ಈಗ ‘ಸಾಕು ಮಾರಾಯ’ ಅನ್ನಿಸುತ್ತದೆ. ನಗು ಮಾತ್ರ ಆರ್ಗೆರಿಚ್‌ದೇ ಚೆಂದ.

ವರ್ಷ ಕಳೆದ ಹಾಗೆ ನಾನು ಹೊಸ ರೆಕಾರ್ಡಿಂಗ್ ಸಿಕ್ಕರೆ ಮೊದಲು ಕೇಳುವುದು ಸ್ಕಾರ್ಬೋ ಅಲ್ಲ, ನಡುವಿನ ಲ ಜಿಬೆ. ಬರೇ 52 ಬಾರ್ (ನಮ್ಮ ತಾಳದ ಆವರ್ತನದ ಹಾಗೆ). ಬೆರಳಿಗೆ ಓಟವೇ ಇಲ್ಲ. ಒಂದು ಬಿ-ಫ್ಲಾಟ್ ಸ್ವರ ಗಂಟೆಯಾಗಿ ಶುರುವಿನಿಂದ ಕೊನೆತನಕ ಬಡಿಯುತ್ತಲೇ ಇರುತ್ತದೆ. ಅವಸರ ಮಾಡಬೇಡಿ, ನಿಧಾನವೂ ಮಾಡಬೇಡಿ ಅಂತ ರಾವೆಲ್ ಬರೆದೇ ಇಟ್ಟಿದ್ದಾನೆ. ತಂಬೂರಿ ಮೀಟಲು ಕೂತವರಿಗೆ ಇದರ ಕಷ್ಟ ಗೊತ್ತಿರುತ್ತದೆ: ಮುಂದೆ ಹಾಡುವವರು ಏನೇ ಮಾಡಲಿ, ನಿಮ್ಮ ಕೈ ಏರಬಾರದು, ಇಳಿಯಬಾರದು. ಆದರೆ ತಂಬೂರಿ ಆಸರೆ ಕೊಡುತ್ತದೆ, ಈ ಗಂಟೆ ಹೆದರಿಸುತ್ತದೆ. 1909ರ ಜನವರಿಯಲ್ಲಿ ಪ್ಯಾರಿಸ್‌ನಲ್ಲಿ ಇದನ್ನು ಮೊದಲು ನುಡಿಸಿದ ರಿಕಾರ್ಡೊ ವಿನ್ಯೆಸ್ ರಾವೆಲ್‌ನ ಹಳೇ ಗೆಳೆಯ, ಬೆರ್ತ್ರಾನ್‌ನ ಪುಸ್ತಕ ತೋರಿಸಿದವನೂ ಅವನೇ. ಅವನೇ ಈ ಭಾಗವನ್ನು ಹೇಳಿದ ಹಾಗೆ ನುಡಿಸಲು ಒಪ್ಪಲಿಲ್ಲ, ಜನಕ್ಕೆ ಬೋರ್ ಆಗುತ್ತದಂತೆ! 1922ರಲ್ಲೂ ರಾವೆಲ್ ಒಂದು ಪತ್ರದಲ್ಲಿ ಅದೇ ದೂರು ಹೇಳುತ್ತಿದ್ದ.

ಇಲ್ಲಿ ನನಗೆ ಗೆಲ್ಲುವವರು ವ್ಲಾಡೊ ಪೆರ್ಲ್‌ಮ್ಯುಟೆರ್. 1920ರ ದಶಕದ ಕೊನೆಗೆ ರಾವೆಲ್ ಹತ್ತಿರವೇ ಕೂತು ಕಲಿತವರು. ನಿಂಬಸ್ ಕಂಪನಿಗೆ 1970ರ ದಶಕದಲ್ಲಿ, ಎಪ್ಪತ್ತರ ಆಸುಪಾಸಿನ ವಯಸ್ಸಿನಲ್ಲಿ ನುಡಿಸಿದ್ದು. ಧ್ವನಿ ಖಾಲಿ ಕಲ್ಯಾಣಮಂಟಪದಲ್ಲಿ ಕೇಳಿದ ಹಾಗಿದೆ, ಸ್ಕಾರ್ಬೋಗೆ ಕೈ ಸಾಲುವುದಿಲ್ಲ, ಅದಕ್ಕಾಗಿ ಯಾರೂ ಕೊಳ್ಳಬೇಡಿ. ಆದರೆ ಲ ಜಿಬೆಯಲ್ಲಿ ಅವರು ಏನನ್ನೂ ತೋರಿಸಲು ಹೋಗುವುದಿಲ್ಲ. ಗಂಟೆ ಬಡಿಯುತ್ತದೆ. ಸಂಜೆ ಆಗುತ್ತದೆ. ಅಷ್ಟೇ. ಮಿಕೆಲಾಂಜೆಲಿ ಲಂಡನ್‌ನಲ್ಲಿ 1959ರಲ್ಲಿ ನುಡಿಸಿದ ಲೈವ್ ಕೂಡ ಇದೆ, ಎಲ್ಲರೂ ಹೊಗಳುತ್ತಾರೆ, ಹೊಗಳುವುದು ಸರಿಯೇ, ಆದರೆ ನನಗೆ ಅದು ತುಂಬಾ ತಣ್ಣಗೆ. ವರ್ಷಕ್ಕೊಮ್ಮೆ ಹಾಕುತ್ತೇನೆ, ಬೆರಗಾಗುತ್ತೇನೆ, ತೆಗೆದಿಡುತ್ತೇನೆ. ಸಾಂಸೊ ಫ್ರಾಂಸ್ವಾದು ಮಜಾ ಇದೆ, ಸ್ವಲ್ಪ ಒರಟು.

ಹೊಸಬರಲ್ಲಿ ಸ್ಟೀವನ್ ಆಸ್ಬೋರ್ನ್ ಕಣ್ಣುಮುಚ್ಚಿ ತೆಗೆದುಕೊಳ್ಳಬಹುದು. ಮೂರೂ ಭಾಗ ಸಮವಾಗಿದೆ, ಧ್ವನಿಯೂ ಚೊಕ್ಕ. ಒಂದೇ ಸಾಕು ಅನ್ನುವವರಿಗೆ ಇದು. ಬೆಂಜಮಿನ್ ಗ್ರೋವೆನರ್ ಹದಿಹರೆಯ ದಾಟುವ ಮೊದಲೇ ನುಡಿಸಿದ್ದೂ ಚೆನ್ನಾಗಿದೆ.

ಇನ್ನೊಂದು ಮಾತು, ಆಟೋಪ್ಲೇ ಆಫ್ ಮಾಡಿಡಿ. ಸ್ಕಾರ್ಬೋ ಧಡಾರ್ ಅಂತ ಮುಗಿಯುವುದಿಲ್ಲ, ಮೇಣದಬತ್ತಿ ಆರಿದ ಹಾಗೆ ಇದ್ದಕ್ಕಿದ್ದಂತೆ ಇಲ್ಲವಾಗುತ್ತದೆ. ಮೊನ್ನೆ ರಾತ್ರಿ ಲೈಟ್ ಆರಿಸಿ ಕೇಳುತ್ತಿದ್ದೆ, ಅದು ಮಾಯವಾದ ಮರುಕ್ಷಣವೇ ಆ್ಯಪ್ ತಾನಾಗಿಯೇ ಒಂದು ಮದುವೆ ಮನೆಯ ಡ್ಯಾನ್ಸ್ ಹಾಡು ಹಾಕಿತು.