ಕನ್ನಡಿ ಪೆಟ್ಟಿಗೆ: ಹದಿನಾರು ತಿಂಗಳು ಬಳಸಿದ ಮೇಲೆ

ಲಕ್ವ (ಸ್ಟ್ರೋಕ್) ಹೊಡೆದ ಕೈಗೆ ಚಲನೆ ಕಲಿಸಲು ತರಿಸಿದ ಪೆಟ್ಟಿಗೆ ಇದು. ಐದಕ್ಕೆ ಮೂರು ಸ್ಟಾರ್. ಕನ್ನಡಿ ಚಿಕಿತ್ಸೆಗೆ ನಾಲ್ಕು, ಕೊಂಡ ಪೆಟ್ಟಿಗೆಗೆ ಎರಡು. ಸರಾಸರಿ ಹಾಕಿದ್ದೇನೆ.

ನನಗೆ 54 ವರ್ಷ, ಮೈಸೂರು. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಹಾಲು ಇಳಿಸುವಾಗ ಎಡಗೈಯಲ್ಲಿದ್ದ ಇಕ್ಕಳ ಜಾರಿ ಬಿತ್ತು. ಬಾಯಿ ಸೊಟ್ಟಗಾಯಿತು, ಮಾತು ತೊದಲಿತು. ಗ್ಯಾಸ್ಟ್ರಿಕ್ ಇರಬೇಕು ಎಂದು ಮನೆಯವರು ಜೀರಿಗೆ ನೀರು ಕುಡಿಸಿ ಮಲಗಿಸಿದರು. ಆಸ್ಪತ್ರೆಗೆ ಹೋದಾಗ ಮಧ್ಯಾಹ್ನ. ರಕ್ತದ ಗೆಡ್ಡೆ ಕರಗಿಸುವ ಇಂಜೆಕ್ಷನ್ ಕೊಡಲು ಇರುವ ನಾಲ್ಕೂವರೆ ಗಂಟೆ ದಾಟಿಹೋಗಿತ್ತು. ಹೀಗೇನಾದರೂ ಆದರೆ ಜೀರಿಗೆ ನೀರಿನ ಗೋಜಿಗೆ ಹೋಗಬೇಡಿ. ನುಂಗುವ ಶಕ್ತಿಯೇ ಹೋಗಿರಬಹುದು.

ಮೂರು ತಿಂಗಳಲ್ಲಿ ಕಾಲು ಸುಮಾರಾಗಿ ದಾರಿಗೆ ಬಂತು. ನಾಲ್ಕು ಕಾಲಿನ ಕೋಲು ಹಿಡಿದು ಗೇಟಿನ ತನಕ ಹೋಗುತ್ತಿದ್ದೆ. ಕೈ ಮಾತ್ರ ಮುಷ್ಟಿ ಕಟ್ಟಿಕೊಂಡು ಎದೆಗೆ ಅಂಟಿಕೊಂಡಿತ್ತು. ಪಾರಿವಾಳದ ರಕ್ತ ಹಚ್ಚಿ ಎಂದವರಿದ್ದರು, ಎಣ್ಣೆ ತಂದುಕೊಟ್ಟವರೂ ಇದ್ದರು. ಆ ಹೊತ್ತಿಗೆ ಮನೆಗೆ ಬರುವ ಫಿಸಿಯೋ ಮೇಡಂ ಕನ್ನಡಿ ಚಿಕಿತ್ಸೆ ಮಾಡೋಣ ಎಂದರು. ಆನ್‌ಲೈನ್‌ನಲ್ಲಿ 2,100 ರೂಪಾಯಿ ಕೊಟ್ಟು ಪೆಟ್ಟಿಗೆ ತರಿಸಿದೆವು.

ತತ್ವ ಸುಲಭ. ಎದೆಯ ನಡುವಿನ ನೇರಕ್ಕೆ, ಬಲಗೈ ಕಡೆ ಮುಖ ಮಾಡಿ ನಿಲ್ಲಿಸಿದ ಕನ್ನಡಿ. ಅದರ ಹಿಂದೆ, ಪೆಟ್ಟಿಗೆಯೊಳಗೆ ಎಡಗೈ. ಮುಂದೆ ಬಲಗೈ. ಬಲಗೈ ತೆರೆದು ಮುಚ್ಚಿದರೆ ಕನ್ನಡಿಯಲ್ಲಿ ಎಡಗೈಯೇ ತೆರೆದು ಮುಚ್ಚಿದಂತೆ ಕಾಣುತ್ತದೆ. ಅದನ್ನು ನೋಡುತ್ತಾ, ಒಳಗಿರುವ ಕೈಯಿಂದಲೂ ಅದನ್ನೇ ಮಾಡಲು ಪ್ರಯತ್ನಿಸಬೇಕು. ವಾರಕ್ಕೆ ಐದು ದಿನ, ಅರ್ಧ ಗಂಟೆ. "ಅಮ್ಮಾ, ಕಣ್ಣು ಕನ್ನಡಿ ಬಿಟ್ಟು ಅಲುಗಬಾರದು" ಎನ್ನುತ್ತಿದ್ದರು ಮೇಡಂ. ಮೊದಲ ಎರಡು ದಿನ ತಲೆ ತಿರುಗಿತು, ಆಮೇಲೆ ಸರಿಹೋಯಿತು.

ಮಾರುವವರ ಪುಟದಲ್ಲಿ "30 ದಿನದಲ್ಲಿ ಕೈ ವಾಪಸ್" ಎಂದಿತ್ತು. ಮಗನಿಗೆ ಅನುಮಾನ, ಕೂತು ಹುಡುಕಿದ. ಈ ಪೆಟ್ಟಿಗೆಯ ಉಪಾಯ 1990ರ ದಶಕದ್ದು, ತಮಿಳುನಾಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ ಅವರದು. ಅದೂ ಲಕ್ವಕ್ಕಲ್ಲ, ಕತ್ತರಿಸಿ ತೆಗೆದ ಕೈ ಇನ್ನೂ ನೋಯುತ್ತದೆ ಎನ್ನುವವರಿಗೆ. 1999ರಲ್ಲಿ ಸ್ಟ್ರೋಕ್ ಆದ ಒಂಬತ್ತು ಜನರ ಮೇಲೆ ಮಾಡಿದ ಪುಟ್ಟ ಪ್ರಯೋಗ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಚಿಕಿತ್ಸೆಗಳ ಅಧ್ಯಯನಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ 2018ರ ವಿಮರ್ಶೆ 62 ಅಧ್ಯಯನಗಳನ್ನು ಒಟ್ಟಿಗೆ ನೋಡಿದೆ: ಮಾಮೂಲಿ ಚಿಕಿತ್ಸೆಯ ಜೊತೆಗೆ ಸೇರಿಸಿಕೊಂಡರೆ ಕೈಕಾಲಿನ ಚಲನೆಗೆ ಸಹಾಯವಾಗುತ್ತದೆ. 30 ದಿನದ ಮಾತು ಅಲ್ಲೆಲ್ಲೂ ಇರಲಿಲ್ಲ.

ಪೆಟ್ಟಿಗೆ ಜೊತೆ ಬಂದ ಚೀಟಿಯಲ್ಲಿ ಒಂದು ಮುಖ್ಯ ವಿಷಯ ಬರೆದಿಲ್ಲ. ಅದು ಬಳೆ. ಆಸ್ಪತ್ರೆಯಲ್ಲಿ ನನ್ನ ಎಡಗೈ ಬಳೆ ತೆಗೆದಿದ್ದರು, ಬಲಗೈಯಲ್ಲಿ ಆರು ಗಾಜಿನ ಬಳೆ ಇದ್ದವು. ಕನ್ನಡಿಯಲ್ಲಿ ಕಂಡ ಕೈ ನನ್ನ ಎಡಗೈ ಅನ್ನಿಸಲೇ ಇಲ್ಲ. ಅದಕ್ಕಿಂತ ಜಾಸ್ತಿ ಕಾಟ ಕೊಟ್ಟಿದ್ದು ಸದ್ದು. ಕಣ್ಣಿಗೆ ಎಡಗೈ ಆಡುತ್ತಿದೆ, ಬಳೆ ಬಲಗಡೆ ಕಿಣಿಕಿಣಿ ಎನ್ನುತ್ತಿದೆ. ಮೇಡಂ ಎಲ್ಲ ತೆಗೆಯಿರಿ ಎಂದರು. ಅತ್ತೆ ಬಾಗಿಲಲ್ಲೇ ನಿಂತಿದ್ದರು. "ಬರಿಗೈ ಮಾಡಿಕೋಬೇಡ ಕಣೇ" ಎಂದರು. ಹಾಗಾದರೆ ಎಡಗೈಗೂ ತೊಡಿಸಿ ಎಂದರೆ, ಮುಷ್ಟಿಯೊಳಗೆ ಬಳೆ ತೂರುವುದು ಹೇಗೆ? ಎರಡು ದಿನ ಇದೇ ಪಂಚಾಯಿತಿ. ಕೊನೆಗೆ ನಮ್ಮವರು ಬಿಚ್ಚಿ ಹಾಕುವ ತಿರುಪಿನ ಬಳೆ ಒಂದು ಜೊತೆ ತಂದರು. ಕೈಗೊಂದು. ಒಂಟಿ ಬಳೆ ಸದ್ದು ಮಾಡುವುದಿಲ್ಲ ನೋಡಿ, ಎರಡೂ ತೊಂದರೆ ಒಟ್ಟಿಗೆ ಹೋದವು. ಉಂಗುರ, ವಾಚ್ ಇದ್ದರೂ ಇದೇ ಕತೆ.

ಐದು ವಾರ ಏನೂ ಆಗಲಿಲ್ಲ. ಸುಮ್ನೆ ದುಡ್ಡು ದಂಡ ಅಂದುಕೊಂಡೆ. ಆರನೇ ವಾರ ಹೆಬ್ಬೆರಳು ಮುಷ್ಟಿಯಿಂದ ಆಚೆ ಬಂತು, ಒಂದು ಉದ್ದಿನಕಾಳಿನಷ್ಟು. ಈಗ ಹದಿನಾರು ತಿಂಗಳಾದ ಮೇಲೆ ಲೋಟ ಹಿಡಿಯುತ್ತೇನೆ, ಸೆರಗು ಸರಿಮಾಡಿಕೊಳ್ಳುತ್ತೇನೆ. ಹೂ ಕಟ್ಟಲು ಕೂತರೆ ಎಡಗೈ ದಾರ ಹಿಡಿಯುತ್ತದೆ, ಮಲ್ಲಿಗೆ ಮೊಗ್ಗನ್ನು ಜೋಡಿ ಜೋಡಿಯಾಗಿ ಒತ್ತಿ ಹಿಡಿಯುತ್ತದೆ. ಕನಕಾಂಬರ ಮಾತ್ರ ಜಾರಿಬಿಡುತ್ತದೆ, ಅದರ ತೊಟ್ಟು ಬಹಳ ಸಣ್ಣ. ಮೊದಲು ಒಂದು ಧಾರಾವಾಹಿ ಮುಗಿಯುವುದರೊಳಗೆ ಎರಡು ಮೊಳ ಕಟ್ಟುತ್ತಿದ್ದೆ, ಈಗ ಅರ್ಧ ಮೊಳ. ಇದೆಲ್ಲ ಕನ್ನಡಿಯಿಂದಲೇ ಎಂದು ಹೇಳಲಾರೆ. ದಿನವೂ ಕೈ ಎಳೆದು ಬಿಡಿಸುವ ವ್ಯಾಯಾಮ, ಅವರೆಕಾಯಿ ಸುಲಿಯುವುದು, ಬಟ್ಟೆ ಮಡಿಸುವುದು ಎಲ್ಲ ನಡೆದೇ ಇತ್ತು. ಆದರೆ ಆಡದ ಕೈಗೆ "ಆಡು" ಅಂತ ಹೇಳುವುದು ಹೇಗೆ ಎಂದು ಕಲಿಸಿದ್ದು ಕನ್ನಡಿ.

ಇನ್ನು ಪೆಟ್ಟಿಗೆ. ಅದರ ಕನ್ನಡಿ ಗಾಜಲ್ಲ, ಅಕ್ರಿಲಿಕ್. ಮೂರನೇ ತಿಂಗಳಿಗೆ ಗೀರು ಬಿದ್ದು ಬೆರಳು ಡೊಂಕಾಗಿ ಕಾಣತೊಡಗಿತು. ವೆಲ್ಕ್ರೋ ಬಿಟ್ಟುಕೊಂಡು ಪೆಟ್ಟಿಗೆ ವಾಲುತ್ತಿತ್ತು. ಒಂದು ಕೈಯವಳು ಅದನ್ನು ನಿಲ್ಲಿಸುವುದು ಹೇಗೆ ಎಂದು ಮಾಡಿದವರು ಯೋಚಿಸಿಯೇ ಇಲ್ಲ. ಬದಲಿಸಿ ಕೊಡಿ ಎಂದು ಎರಡು ಸಲ ಬರೆದೆ, ಉತ್ತರ ಬರಲಿಲ್ಲ.

ಆಮೇಲೆ ನಮ್ಮ ಬೀದಿಯ ಗ್ಲಾಸ್ ಅಂಗಡಿಯಲ್ಲಿ ಒಂದೂವರೆ ಅಡಿ ಅಗಲದ ಕನ್ನಡಿ ಕೊಯ್ಯಿಸಿ, ಮರದ ಸ್ಟ್ಯಾಂಡಿಗೆ ಕೂರಿಸಿದೆವು. ಎಲ್ಲ ಸೇರಿ 600 ರೂಪಾಯಿ. ಹದಿಮೂರು ತಿಂಗಳಿಂದ ಅದೇ. ನೀವೂ ಮಾಡಿಸುವುದಾದರೆ ಮೊದಲು ನಿಮ್ಮ ಫಿಸಿಯೋ ಹತ್ತಿರ ಕೇಳಿ. ಕನ್ನಡಿಯ ಅಂಚು ಮರೆಯದೆ ಉಜ್ಜಿಸಿ, ಮೇಲೆ ಟೇಪ್ ಅಂಟಿಸಿ. ಮರಗಟ್ಟಿದ ಕೈಗೆ ಗಾಜು ಗೀರಿದ್ದು ಗೊತ್ತೇ ಆಗುವುದಿಲ್ಲ. ನನಗೆ ಗೊತ್ತಾಗಿದ್ದು ಮೇಜಿನ ಮೇಲೆ ರಕ್ತ ಕಂಡಾಗ.